ತಾನಾಗಿ ಏಳುವ ತನಕ

"ಹಿಡ್ಕೊಳ್ಳಿ ಇದನ್ನ!"

ಹೀಗಂದವನ ಮುಖವನ್ನು ಅವಳು ಇನ್ನೂ ಸರಿಯಾಗಿ ನೋಡಿರಲಿಲ್ಲ. ಬಾಗಿಲು ತಳ್ಳಿ ಒಳಗೆ ಕಾಲಿಟ್ಟಿದ್ದಳಷ್ಟೆ. ಹೆಗಲ ಮೇಲಿನ ಲ್ಯಾಪ್‌ಟಾಪ್ ಚೀಲ ಇಳಿಸುವ ಮೊದಲೇ ಅವಳ ಕೈಗೊಂದು ಟೆಲಿಫೋನ್ ರಿಸೀವರ್ ಬಂದು ಕೂತಿತು.

"ರೀ... ಏನಿದು..."

"ಶ್! ನನ್ನ ಬಾಯಿ ಹತ್ತಿರ ಹಿಡೀರಿ. ಇನ್ನೂ ಹತ್ತಿರ!"

ಅಷ್ಟರಲ್ಲಿ ಅವನ ಎರಡು ಕೈಯಲ್ಲಿ ಇನ್ನೆರಡು ರಿಸೀವರ್‌ಗಳಿದ್ದವು. ಮೇಜಿನ ಮೇಲೆ ಒಂದು ದಪ್ಪ ಕಾದಂಬರಿ ತೆರೆದು ಬಿದ್ದಿತ್ತು. ಹಾಳೆ ಹಾರದಂತೆ ಅದರ ಮೇಲೊಂದು ಸ್ಟೇಪ್ಲರ್. ಅವನು ಗಂಟಲು ಸರಿಮಾಡಿಕೊಂಡು ಓದತೊಡಗಿದ.

ಪ್ರೇಮ ಕಥೆಗಳಲ್ಲಿ ನಾಯಕಿ ನಾಯಕನಿಗೆ ಡಿಕ್ಕಿ ಹೊಡೆಯುತ್ತಾಳೆ, ಕೈಯಲ್ಲಿದ್ದದ್ದೆಲ್ಲ ಚೆಲ್ಲಾಪಿಲ್ಲಿಯಾಗುತ್ತದೆ, ಇಬ್ಬರೂ ಒಟ್ಟಿಗೆ ಬಗ್ಗುತ್ತಾರೆ. ಇಲ್ಲಿ ಅಂಥದ್ದೇನೂ ಆಗಲಿಲ್ಲ. ಅವಳ ಕೈ ನೋಯಿತು, ಅಷ್ಟೆ.

ಕಥೆಯಲ್ಲಿ ಯಾರೋ ಮುದುಕ ಸಾಯುತ್ತಿದ್ದ. ಮಗಳಿಗೆ ಏನೋ ಹೇಳಬೇಕಿತ್ತು, ಹೇಳಲಾಗುತ್ತಿರಲಿಲ್ಲ. ಓದುವವನ ದನಿ ಎಲ್ಲೂ ಅಳಲಿಲ್ಲ, ನಾಟಕ ಮಾಡಲಿಲ್ಲ. ಸುಮ್ಮನೆ ಒಂದೊಂದೇ ಮಾತನ್ನು ಎತ್ತಿ ಎತ್ತಿ ಇಡುತ್ತಿತ್ತು. ಅವನ ಉಸಿರು ಅವಳ ಬೆರಳಿಗೆ ತಾಗುತ್ತಿತ್ತು.

ಅಧ್ಯಾಯ ಮುಗಿಯುವಷ್ಟರಲ್ಲಿ ಅವಳ ಕಣ್ಣು ತುಂಬಿಬಿಟ್ಟಿತ್ತು. ಸತ್ತವನು ಯಾರು, ಯಾಕೆ ಸತ್ತ... ಒಂದೂ ಗೊತ್ತಿಲ್ಲ!

'ಥೂ! ಕೆಲಸಕ್ಕೆ ಬಂದ ಮೊದಲ ದಿನವೇ ಅಳೋದಾ?'

ಅವನು ರಿಸೀವರ್‌ಗಳನ್ನೆಲ್ಲ ಕೆಳಗಿಟ್ಟು ಮೊದಲ ಸಲ ಅವಳನ್ನು ನೋಡಿದ.

"ತುಂಬಾ ಥ್ಯಾಂಕ್ಸ್. ಸರ್ವರ್ ಬಿದ್ದಿದೆ. ಕೇಳುಗರು ಪಾಪ ಕಾಯ್ತಾ ಇದ್ರು, ಅದಕ್ಕೇ ಫೋನಲ್ಲೇ ಓದ್ದೆ. ಅಂದ ಹಾಗೆ, ನೀವ್ಯಾರು?"

"ಆ ಸರ್ವರ್ ಎಬ್ಬಿಸೋಕೆ ಬಂದವಳು."

"ಅಯ್ಯೋ! ಮೊದಲೇ ಹೇಳಬಾರದಿತ್ತಾ?"

"ಹೇಳೋಕೆ ನೀವು ಬಿಟ್ರಾ?"

ಅವನು ನಕ್ಕ. ಅವಳು ನಗಲಿಲ್ಲ. ಕಣ್ಣು ಒರೆಸಿಕೊಳ್ಳಲು ಅವಳಿಗೆ ಒಂದು ನೆಪ ಬೇಕಿತ್ತು. ಚೀಲದೊಳಗೆ ತಲೆ ಹಾಕಿ ಚಾರ್ಜರ್ ಹುಡುಕತೊಡಗಿದಳು.

ಅದು ಕಣ್ಣು ಕಾಣದವರಿಗಾಗಿ ಇದ್ದ ಧ್ವನಿ ಗ್ರಂಥಾಲಯ. ಮನೆಯಲ್ಲೇ ಕೂತು ಒಂದು ನಂಬರ್ ಒತ್ತಿದರೆ ಸಾಕು, ಬೇಕಾದ ಪುಸ್ತಕ ಫೋನಿನಲ್ಲೇ ಕೇಳಬಹುದು. ಪುಸ್ತಕಗಳಲ್ಲಿ ಮುಕ್ಕಾಲು ಪಾಲು ಅವನ ದನಿಯಲ್ಲೇ ಇದ್ದವು. ಹಾಗಾಗಿ ಆಫೀಸಿನಲ್ಲಿ ಎಲ್ಲರೂ ಅವನನ್ನು ಕರೆಯುವುದು 'ಕಂಠ' ಎಂದು.

ಒಮ್ಮೆ ಅಲ್ಲಿ ಬೆಂಕಿ ಬಿದ್ದು ಹಳೆಯ ಟೇಪುಗಳ ಕೋಣೆ ಸುಟ್ಟುಹೋಗಿತ್ತು. ಅಂದಿನಿಂದ ಸಂಜೆ ಬಾಗಿಲು ಹಾಕುವಾಗ ವಾಚ್‌ಮನ್ ಮೇನ್ ಸ್ವಿಚ್ಚನ್ನೇ ಎಳೆದುಬಿಡುತ್ತಿದ್ದ. ಬೆಳಗ್ಗೆ ಮತ್ತೆ ಹಾಕುತ್ತಿದ್ದ. ಇದರಲ್ಲಿ ರಾಜಿಯೇ ಇರಲಿಲ್ಲ. ಸರ್ವರ್ ದಿನಾ ಸಂಜೆ ಸಾಯಬೇಕು, ದಿನಾ ಬೆಳಗ್ಗೆ ಹುಟ್ಟಬೇಕು.

ಯಂತ್ರವೇನೋ ಎದ್ದುಕೊಳ್ಳುತ್ತಿತ್ತು. ಪುಸ್ತಕ ಕೇಳಿಸುವ ಸಾಫ್ಟ್‌ವೇರ್ ಮಾತ್ರ ಏಳುತ್ತಿರಲಿಲ್ಲ. ಮೊದಲಿದ್ದ ಟೆಕ್ನಿಷಿಯನ್ ದಿನಾ ಬಂದು ಕೈಯಿಂದ ಕಮಾಂಡ್ ಕೊಟ್ಟು ಎಬ್ಬಿಸುತ್ತಿದ್ದ. ಅವನು ಕೆಲಸ ಬಿಟ್ಟ. ಗ್ರಂಥಾಲಯ ಮೂಕವಾಯಿತು.

ಅವಳು ಕುರ್ಚಿ ಎಳೆದುಕೊಂಡು ಕೂತಳು. ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದಳು. ಸಾಫ್ಟ್‌ವೇರ್ ಎದ್ದಿತು. ಅವನು ಹಿಂದೆ ನಿಂತು ಸ್ಕ್ರೀನನ್ನೇ ನೋಡುತ್ತಿದ್ದ.

"ಇಷ್ಟೇನಾ?"

"ಇಷ್ಟು ಇವತ್ತಿಗೆ. ನಾಳೆ ಮತ್ತೆ ಯಾರು ಟೈಪ್ ಮಾಡ್ತಾರೆ? ಕರೆಂಟ್ ಬಂದ ಕೂಡಲೇ ಅದು ತಾನಾಗಿ ಏಳ್ಬೇಕು. ಅದನ್ನ ಕಲಿಸೋಕೇ ನಾನು ಬಂದಿರೋದು."

ಮ್ಯಾನೇಜರಮ್ಮ ಅವಳನ್ನು ಒಳಗೆ ಕರೆದು ಷರತ್ತು ಹೇಳಿದರು. ಆಕೆ ಮೆತ್ತಗೆ ಮಾತಾಡಿದ್ದನ್ನು ಅಲ್ಲಿ ಯಾರೂ ಕೇಳಿದವರಿಲ್ಲ.

"ನೋಡಮ್ಮ, ತಿಂಗಳ ಕೊನೆಗೆ ಪರೀಕ್ಷೆ. ವಾಚ್‌ಮನ್ ಸ್ವಿಚ್ ಹಾಕ್ತಾನೆ. ಆಮೇಲೆ ಯಾರೂ ಏನೂ ಮುಟ್ಟಬಾರದು. ತಾನಾಗಿ ಎದ್ದರೆ ಈ ಕೆಲಸ ಖಾಯಂ ನಿನಗೆ. ಇಲ್ಲಾಂದ್ರೆ ನೀನು ಮೊದಲಿದ್ದ ಆ ದೊಡ್ಡ ಕಂಪನಿಯವರಿಗೆ ಕೊಟ್ಟುಬಿಡ್ತೀನಿ."

ಆ ದೊಡ್ಡ ಕಂಪನಿಯನ್ನು ಅವಳು ಬಿಟ್ಟು ಬಂದು ಹೆಚ್ಚು ದಿನವಾಗಿರಲಿಲ್ಲ. ಬಿಡುವಾಗ ಅಲ್ಲಿನ ಬಾಸ್, 'ಒಬ್ಬಳೇ ಹೋಗಿ ಏನು ಕಡಿದು ಕಟ್ಟೆ ಹಾಕ್ತೀಯಮ್ಮ?' ಎಂದು ಎಲ್ಲರೆದುರು ನಕ್ಕಿದ್ದ. ಇದು ಅವಳ ಸ್ವಂತದ ಮೊದಲ ಕೆಲಸ. ಇದು ಕೈತಪ್ಪಿದರೆ ಎರಡನೆಯದು ಯಾರೂ ಕೊಡುವುದಿಲ್ಲ. ಆ ನಗು ನಿಜವಾಗುತ್ತದೆ.

ಯಂತ್ರದ ರೋಗ ಪತ್ತೆ ಹಚ್ಚುವುದು ಕಷ್ಟವಾಗಲಿಲ್ಲ.

"ಪುಸ್ತಕಗಳೆಲ್ಲ ಇರೋದು ಈ ಡಿಸ್ಕ್ ಪೆಟ್ಟಿಗೇಲಿ," ಎಂದು ಅವಳು ಕಂಠನಿಗೆ ತೋರಿಸಿದಳು. ಅವನು ಚಹಾ ತಂದುಕೊಟ್ಟ ನೆಪಕ್ಕೆ ಅಲ್ಲೇ ಕೂತಿದ್ದ. "ಇದು ನಿಧಾನ. ಸೋಮಾರಿ. ಸಾಫ್ಟ್‌ವೇರ್ ಅವಸರದ ಪ್ರಾಣಿ. ಕರೆಂಟ್ ಬಂದ ತಕ್ಷಣ ಎದ್ದು ಬಂದು ನೋಡುತ್ತೆ. ಕಪಾಟು ಖಾಲಿ! ಪುಸ್ತಕಾನೇ ಇಲ್ಲ ಅಂತ ಬಿದ್ದುಬಿಡುತ್ತೆ."

"ಪಾಪ... ಒಂಚೂರು ಕಾಯೋಕೆ ಹೇಳಬಾರದಾ?"

"ಅದನ್ನೇ ಹೇಳ್ತಾ ಇದ್ದೀನಿ. ಪೆಟ್ಟಿಗೆ ಎದ್ದ ಮೇಲೇ ನೀನು ಏಳು ಅಂತ."

"ನಮ್ಮ ಮನೇಲೂ ಹಾಗೇ. ನಮ್ಮಮ್ಮ ಏಳೋ ತನಕ ನಾನು ಏಳಲ್ಲ."

ಅವಳು ನಕ್ಕುಬಿಟ್ಟಳು. ನಕ್ಕ ಮೇಲೆ, ಇಷ್ಟು ಸಣ್ಣ ಮಾತಿಗೆ ಇಷ್ಟು ನಗುವ ಅಗತ್ಯವಿತ್ತೇ ಎಂದು ತನ್ನ ಮೇಲೇ ಸಿಟ್ಟು ಮಾಡಿಕೊಂಡಳು.

ದಿನಗಳು ಹೀಗೇ ಸರಿದವು. ಅವನು ಗಾಜಿನ ಕೋಣೆಯಲ್ಲಿ ರೆಕಾರ್ಡ್ ಮಾಡುವಾಗ ಅವಳು ಹೊರಗಿನ ಕುರ್ಚಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದಳು. 'ಧ್ವನಿಯ ಗುಣಮಟ್ಟ ನೋಡ್ತಿದ್ದೀನಿ' ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದಳು. ಸರ್ವರ್ ಕೆಲಸಕ್ಕೂ ಧ್ವನಿಯ ಗುಣಮಟ್ಟಕ್ಕೂ ಯಾವ ಸಂಬಂಧವೂ ಇಲ್ಲ. ಅದು ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಅಕ್ಕ ಫೋನ್ ಮಾಡಿದಾಗ ಸರ್ವರ್ ಸುದ್ದಿ ಶುರು ಮಾಡಿ ಕಂಠನ ಸುದ್ದಿಯಲ್ಲಿ ಮುಗಿಸುತ್ತಿದ್ದಳು.

"ಪುಟ್ಟಿ, ನೀನು ಹೋಗಿರೋದು ಯಂತ್ರ ರಿಪೇರಿಗೋ, ಇಲ್ಲಾ..."

"ಅಕ್ಕಾ! ಸುಮ್ನಿರೇ!"

ಮೊದಲ ಪ್ರಯೋಗದ ಬೆಳಗ್ಗೆ ಸಾಫ್ಟ್‌ವೇರ್ ಏಳಲಿಲ್ಲ.

ಅವಳು ಕಾಯಲು ಹೇಳಿದ್ದಳು. ಆದರೆ ಎಷ್ಟು ಹೊತ್ತು ಕಾಯಬೇಕೆಂದು ಅಂದಾಜಿನ ಮೇಲೆ ಹೇಳಿದ್ದಳು. ಅಂದು ಪೆಟ್ಟಿಗೆ ಇನ್ನಷ್ಟು ತಡ ಮಾಡಿತು. ಫೋನುಗಳು ಬಡಿದುಕೊಳ್ಳತೊಡಗಿದವು. ಮ್ಯಾನೇಜರಮ್ಮ ಹೊರಗೆ ಬಂದು ಎಲ್ಲರೆದುರು ಅವಳನ್ನು ತರಾಟೆಗೆ ತೆಗೆದುಕೊಂಡರು.

"ಒಂದು ಯಂತ್ರಾನ ಎಬ್ಬಿಸೋಕೆ ಆಗದವಳು ದೊಡ್ಡದಾಗಿ ಸ್ವಂತ ಕೆಲಸ ಅಂತ ಯಾಕೆ ಹೊರಟೆ? ಕಣ್ಣಿಲ್ಲದವರು ಕಾಯ್ತಾ ಕೂತಿದ್ದಾರೆ, ಗೊತ್ತಾ ನಿನಗೆ?"

ಅವಳು ತಲೆ ತಗ್ಗಿಸಿ ನಿಂತಳು. ಕಂಠ ಗಾಜಿನ ಹಿಂದಿನಿಂದ ನೋಡುತ್ತಿದ್ದ. 'ಇವನ ಮುಂದೆಯೇ ಬೈಸಿಕೊಳ್ಳಬೇಕಿತ್ತಾ ನಾನು...' ಎನಿಸಿತು.

ಅಂದೇ ಅವಳು ಅಂದಾಜನ್ನು ಕಿತ್ತೆಸೆದಳು. ಪೆಟ್ಟಿಗೆ ನಿಜಕ್ಕೂ ಎದ್ದಿದೆಯೇ ಎಂದು ನೋಡಿಯೇ ಸಾಫ್ಟ್‌ವೇರ್ ಏಳಬೇಕು. ಎದ್ದು ಬಿದ್ದರೆ ಮತ್ತೆ ಏಳಬೇಕು. ಮತ್ತೆ ಬಿದ್ದರೆ ಮತ್ತೆ. ಕೆಲವು ಸಲ ಹಾಗೆ ಪ್ರಯತ್ನಿಸಿ, ಆಗದಿದ್ದರೆ ಮಾತ್ರ ಸುಮ್ಮನಾಗಬೇಕು. ಮನಸ್ಸಿಗೆ ಸಮಾಧಾನವಾಗುವಂತೆ ಕೆಲಸ ಮಾಡಿದಳು.

ಮರುದಿನ ಅವಳು ಬರುವಷ್ಟರಲ್ಲಿ ಪುಸ್ತಕಗಳು ಕೇಳಿಸುತ್ತಿದ್ದವು. ಕುಣಿದಾಡುವಂತಾಯಿತು!

ಆದರೆ ಬೆಳಗಿನ ಚಹಾ ಮುಗಿದ ಸ್ವಲ್ಪ ಹೊತ್ತಿಗೆ ಎಲ್ಲ ನಿಂತುಹೋಯಿತು. ಕಾರಣವಿಲ್ಲ, ಸದ್ದಿಲ್ಲ. ಫೋನುಗಳು ಮತ್ತೆ ಬಡಿದುಕೊಂಡವು. ಕಂಠ ಗಾಜಿನ ಕೋಣೆಯಿಂದ ಓಡಿ ಬಂದು ರಿಸೀವರ್ ಎತ್ತಿಕೊಂಡು ಓದತೊಡಗಿದ. ಮ್ಯಾನೇಜರಮ್ಮ ಅವಳನ್ನು ಬರಿ ನೋಡಿದರು. ಆ ನೋಟಕ್ಕಿಂತ ಬೈಗುಳವೇ ವಾಸಿಯಿತ್ತು.

ಮರುದಿನವೂ ಅದೇ ಕಥೆ. ಅದರ ಮರುದಿನ ಏನೂ ಆಗಲಿಲ್ಲ. ಸಂಜೆ ತನಕ ಲಕ್ಷಣವಾಗಿ ನಡೆಯಿತು. ಮತ್ತೊಂದು ದಿನ ಮತ್ತೆ ಮಟಾಷ್!

ಅವಳಿಗೆ ಊಟ ಸೇರಲಿಲ್ಲ. ಬರೆದದ್ದನ್ನೆಲ್ಲ ಮತ್ತೆ ಮತ್ತೆ ಓದಿದಳು. ಎಲ್ಲಿಯೂ ತಪ್ಪಿಲ್ಲ. ಕೊನೆಗೆ, ಯಾವ ದಿನ ಸರಿಯಿತ್ತು ಎಂದು ನೆನಪು ಮಾಡಿಕೊಳ್ಳುತ್ತ ಹೋದಳು. ಮಕ್ಕಳ ಶಾಲೆಯಲ್ಲಿ ಓದಲು ಕಂಠ ವಾರಕ್ಕೊಮ್ಮೆ ಹೊರಗೆ ಹೋಗುತ್ತಿದ್ದ. ಆ ದಿನ ಸರಿಯಿತ್ತು. ಅವನಿಗೆ ನೆಗಡಿಯಾಗಿ ರಜೆ ಹಾಕಿದ ದಿನವೂ ಸರಿಯಿತ್ತು.

ಅವನಿಲ್ಲದ ದಿನಗಳೆಲ್ಲ ಸರಿ!

'ಇಲ್ಲ... ಹಾಗಿರಲ್ಲ...'

ಸರ್ವರ್‌ನ ಲಾಗ್, ಅಂದರೆ ಯಾರು ಯಾವಾಗ ಏನು ಮಾಡಿದರೆಂದು ಅದು ತಾನೇ ಬರೆದಿಡುವ ದಾಖಲೆ, ತೆರೆದು ನೋಡಿದಳು. ಕೆಟ್ಟ ದಿನಗಳಲ್ಲಿ ಯಾರೋ ಬೆಳಗ್ಗೆ ಬೇಗ ಬಂದು, ಅವಳ ಸಾಫ್ಟ್‌ವೇರ್ ಏಳುವ ಮುಂಚೆಯೇ, ಕೈಯಿಂದ ಕಮಾಂಡ್ ಕೊಟ್ಟು ಅದರದೇ ಇನ್ನೊಂದು ಪ್ರತಿಯನ್ನು ಎಬ್ಬಿಸಿದ್ದರು. ಒಂದಕ್ಕಷ್ಟೇ ಇದ್ದ ಜಾಗದಲ್ಲಿ ಅದು ಹೋಗಿ ಕೂತುಬಿಟ್ಟಿತ್ತು. ಅವಳದ್ದು ಬಂದು ಬಾಗಿಲು ತಟ್ಟಿ ತಟ್ಟಿ ಸೋತು ಸುಮ್ಮನಾಗಿತ್ತು. ಆಮೇಲೆ ಚಹಾ ಮುಗಿದ ಹೊತ್ತಿಗೆ, ಕೈಯಿಂದ ಎಬ್ಬಿಸಿದ್ದು ಸತ್ತುಹೋಗಿತ್ತು. ಇದೆಲ್ಲ ನಡೆದದ್ದು ರೆಕಾರ್ಡಿಂಗ್ ಕೋಣೆಯ ಕಂಪ್ಯೂಟರಿನಿಂದ.

ಅವಳು ಲಾಗನ್ನು ಇನ್ನೊಮ್ಮೆ ಓದಿದಳು.

ಸರ್ವರ್ ನಿಂತಾಗಲೆಲ್ಲ ಓದುವವನು ಯಾರು? ಕೇಳುಗರು 'ನೂರು ಕಾಲ ಬಾಳಪ್ಪ' ಎಂದು ಹರಸುವುದು ಯಾರನ್ನು? 'ಸರ್ವರ್ ಗಟ್ಟಿಯಾದ್ರೆ ಈ ಫೋನಲ್ಲಿ ಓದೋದು ನಿಲ್ಲಿಸಪ್ಪ, ಗಂಟಲು ಹಾಳಾಗುತ್ತೆ' ಎಂದು ಮ್ಯಾನೇಜರಮ್ಮ ಮೊನ್ನೆ ಅಂದಾಗ ಮುಖ ಸಪ್ಪಗೆ ಮಾಡಿಕೊಂಡವನು ಯಾರು?

'ನನ್ನ ಕೆಲಸ ಕೆಡಿಸಿ ಹೊಗಳಿಸಿಕೊಳ್ಳೋಕಾ?! ಪಕ್ಕದಲ್ಲೇ ಕೂತು ಚಹಾ ಕುಡಿದನಲ್ಲ!'

ಅವನು ಹಾಗೆ ಮಾಡಿದ್ದಕ್ಕಿಂತ, ತಾನು ಅವನನ್ನು ಇಷ್ಟಪಟ್ಟದ್ದೇ ಅವಳಿಗೆ ಹೆಚ್ಚು ಉರಿಯಿತು. ಒಂದು ಲೋಟ ನೀರು ಕುಡಿದು ಯೋಚಿಸಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಅವಳು ನೀರು ಕುಡಿಯಲಿಲ್ಲ. ನೇರ ಮ್ಯಾನೇಜರಮ್ಮನ ಕೋಣೆಗೆ ಹೋಗಿ, ಕಂಠನನ್ನೂ ಅಲ್ಲಿಗೇ ಕರೆಸಿದಳು.

"ದಿನಾ ಬೆಳಗ್ಗೆ ಸಾಫ್ಟ್‌ವೇರ್ ಮುಟ್ಟಿದ್ದು ನೀವೇ ತಾನೇ?"

ಅವನು ಗಾಬರಿಯಾದ. ಮ್ಯಾನೇಜರಮ್ಮನ ಮುಖ ನೋಡಿದ, ಅವಳ ಮುಖ ನೋಡಿದ.

"ಹೌದು... ನಾನೇ."

"ಅದರಿಂದಲೇ ಎಲ್ಲ ಕೆಡ್ತಾ ಇರೋದು! ನೀವಿಲ್ಲದ ದಿನ ಎಲ್ಲ ಸರಿಯಾಗೇ ಇರುತ್ತೆ!"

"ಏನು?" ಅವನ ದನಿ ಇಳಿದುಹೋಯಿತು. "ಕೆಡ್ತಾ ಇದ್ದಿದ್ದು... ನನ್ನಿಂದಾನಾ?"

"ನಾಟಕ ಬೇಡ. ಫೋನ್ ಹಿಡಿದು ಓದಿ ಹೊಗಳಿಸಿಕೊಳ್ಳೋ ಆಸೆ ಇದ್ರೆ ನೇರವಾಗಿ ಹೇಳಬೇಕಿತ್ತು. ನನ್ನ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ?"

ಅವನು ಬಾಯಿ ತೆರೆದ. ದಿನವಿಡೀ ಬೇರೆಯವರ ಮಾತು ಓದುವವನಿಗೆ ತನ್ನ ಒಂದು ಮಾತು ಸಿಗಲಿಲ್ಲ.

"ತಪ್ಪಾಯ್ತು," ಎಂದಷ್ಟೇ ಹೇಳಿ ಹೊರಗೆ ಹೋದ.

ಅಂದಿನಿಂದ ಅವನು ಆಫೀಸಿಗೆ ಬರಲಿಲ್ಲ. ಮನೆಯಲ್ಲೇ ರೆಕಾರ್ಡ್ ಮಾಡಿ ಕಳಿಸುತ್ತೇನೆಂದು ತಿಳಿಸಿದನಂತೆ.

ಸರ್ವರ್ ದಿನಾ ಎದ್ದಿತು. ಒಂದು ದಿನವೂ ತಪ್ಪಲಿಲ್ಲ. ಮ್ಯಾನೇಜರಮ್ಮ ಒಮ್ಮೆ "ಪರವಾಗಿಲ್ಲ" ಎಂದರು. ಅವರ ಬಾಯಲ್ಲಿ ಅದು ಹಾರ ತುರಾಯಿಗೆ ಸಮ.

ಅವಳಿಗೆ ಮಾತ್ರ ಏನೂ ಅನ್ನಿಸಲಿಲ್ಲ. ಬೆಳಗ್ಗೆ ಬಂದು ಕೂರುವಳು. ಗಾಜಿನ ಕೋಣೆ ಖಾಲಿ. ಚಹಾ ಆರುತ್ತಿತ್ತು. ಹೆಡ್‌ಫೋನ್ ಹಾಕಿಕೊಂಡರೆ ಅದೇ ದನಿ... ಕಿತ್ತಿಡುವಳು.

"ಗೆದ್ದೆಯಲ್ಲೇ ಪುಟ್ಟಿ! ಮತ್ತೆ ಯಾಕೆ ಸಪ್ಪಗಿದ್ದೀಯ?" ಅಕ್ಕ ಕೇಳಿದಳು.

"ಗೊತ್ತಿಲ್ಲ ಕಣೆ ಅಕ್ಕ. ಅವನು ಒಂದು ಮಾತೂ ತಿರುಗಿ ಆಡ್ಲಿಲ್ಲ. ಜಗಳ ಆಡಿದ್ರೂ ಸಮಾಧಾನ ಇರ್ತಿತ್ತು."

ಒಂದು ಬೆಳಗ್ಗೆ ಫೋನ್ ಬಡಿದುಕೊಂಡಿತು. ಎತ್ತಿಕೊಳ್ಳಲು ಬೇರಾರೂ ಇರಲಿಲ್ಲ. ಅವಳೇ ಎತ್ತಿದಳು. ಆಚೆ ಕಡೆ ಟೀಚರಮ್ಮ. ಆಕೆ ಗ್ರಂಥಾಲಯದ ಹಳೆಯ ಕೇಳುಗರು. ಶಾಲೆಯಿಂದ ನಿವೃತ್ತರಾದ ಮೇಲೆ ಕಣ್ಣು ಹೋಗಿತ್ತು. ಗದರುವ ಅಭ್ಯಾಸ ಹೋಗಿರಲಿಲ್ಲ.

"ಯಾರು, ಸರ್ವರ್ ಹುಡುಗೀನಾ?"

"ಹೌದು ಟೀಚರ್. ಪುಸ್ತಕ ಕೇಳಿಸ್ತಾ ಇಲ್ವಾ?"

"ಕೇಳಿಸುತ್ತೆ, ಕೇಳಿಸುತ್ತೆ. ಮೊದಲೆಲ್ಲ ನಿಂತುಹೋದಾಗ ಅವನು ಫೋನ್ ಮಾಡಿ ತಪ್ಪೊಪ್ಪಿಕೊಳ್ತಿದ್ದ. ಈಗ ನಿಲ್ಲೋದೂ ಇಲ್ಲ, ಅವನು ಫೋನೂ ಮಾಡಲ್ಲ. ಹುಷಾರಾಗಿದ್ದಾನಾ ಅಂತ ಕೇಳೋಣ ಅಂತ ಮಾಡ್ದೆ."

"ತಪ್ಪೊಪ್ಪಿಕೊಳ್ತಿದ್ರಾ? ಏನಂತ?"

"'ಮೇಡಂ ಕೆಲಸ ಗಟ್ಟಿಯಾಗೇ ಇದೆ ಟೀಚರಮ್ಮ, ನನ್ನಿಂದಲೇ ಏನೋ ಎಡವಟ್ಟಾಯ್ತು, ಅವರನ್ನ ಬೈಬೇಡಿ' ಅಂತ. ಎಲ್ಲರಿಗೂ ಫೋನ್ ಮಾಡಿ ಹಾಗೇ ಹೇಳ್ತಿದ್ದನಂತೆ."

ಅವಳು ರಿಸೀವರ್ ಬಿಗಿಯಾಗಿ ಹಿಡಿದುಕೊಂಡಳು.

"ನಿಮ್ಮ ಮ್ಯಾನೇಜರ್ ನಿನ್ನನ್ನ ಎಲ್ಲರೆದುರು ಬೈದಳಂತಲ್ಲ? ಆವತ್ತು ಇವನಿಗೆ ಊಟವೇ ಸೇರಿಲ್ಲ. 'ನಾಳೆಯಿಂದ ಬೇಗ ಹೋಗಿ ನಾನೇ ಎಬ್ಬಿಸಿ ಇಟ್ಟುಬಿಡ್ತೀನಿ ಟೀಚರಮ್ಮ, ಅವರು ಬರೋ ಹೊತ್ತಿಗೆ ಎಲ್ಲ ಸರಿಯಾಗಿರಲಿ' ಅಂತ ನನ್ನ ಹತ್ರ ಹೇಳ್ದ. ನಾನೂ ಭೇಷ್ ಅಂದೆ."

ಅವಳಿಗೆ ಎಲ್ಲ ಒಟ್ಟಿಗೆ ಅರ್ಥವಾಯಿತು. ತನ್ನದೇ ತಪ್ಪೆಂದು ಗೊತ್ತಿಲ್ಲದೆಯೇ ಅವನು ಅವಳಿಗಾಗಿ ಅದನ್ನು ಮೈಮೇಲೆ ಹಾಕಿಕೊಂಡಿದ್ದ. ಯಾವ ಲಾಗ್‌ನಲ್ಲೂ 'ಯಾಕೆ' ಎಂಬುದು ಬರೆದಿರುವುದಿಲ್ಲ. ಅದನ್ನು ಅವಳು ತಾನೇ ಬರೆದುಕೊಂಡಿದ್ದಳು. ಅವನನ್ನು ಮ್ಯಾನೇಜರಮ್ಮನ ಎದುರೇ ಬೈದಿದ್ದಳು. ತನ್ನನ್ನು ಬೈದದ್ದಕ್ಕೆ ನೊಂದವನನ್ನು!

"ಟೀಚರ್... ಅವರ ಮನೆ ಎಲ್ಲಿ ಅಂತ ಗೊತ್ತಾ?"

ಅವನ ಮನೆ ಒಂದು ಗಲ್ಲಿಯ ಕೊನೆಯ ಮಹಡಿಯಲ್ಲಿತ್ತು. ಬಾಗಿಲು ತೆಗೆದದ್ದು ಅವನ ತಾಯಿ. ತುಟಿಯ ಮೇಲೆ ಬೆರಳಿಟ್ಟು ಒಳಗೆ ಕರೆದರು.

"ಓದ್ತಾ ಇದ್ದಾನೆ. ಕುಕ್ಕರ್ ಕೂಗಿಸಬೇಡ ಅಂತಾನೆ, ಫ್ಯಾನ್ ಹಾಕಬೇಡ ಅಂತಾನೆ. ಈ ಮನೇಲಿ ಕೆಮ್ಮೋಕೂ ಅಪ್ಪಣೆ ಬೇಕು ನೋಡು. ನೀನು ಆಫೀಸಿನವಳಾ? ದಯವಿಟ್ಟು ಕರ್ಕೊಂಡು ಹೋಗಮ್ಮ!"

ಒಳಕೋಣೆಯ ಗೋಡೆಗೆಲ್ಲ ಕಂಬಳಿ ಕಟ್ಟಿ, ಅವನು ಮಧ್ಯದಲ್ಲಿ ಬೆವರುತ್ತ ಕೂತಿದ್ದ. ಅವಳನ್ನು ನೋಡಿ ಎದ್ದು ನಿಂತ.

"ಮತ್ತೆ ನಿಂತುಹೋಯ್ತಾ? ನಾನು ಮುಟ್ಟಿಲ್ಲ, ದೇವರಾಣೆಗೂ ನಾನು ಆ ಕಡೆಗೇ ಬಂದಿಲ್ಲ..."

"ನಿಂತಿಲ್ಲ," ಎಂದಳು. "ನನ್ನದು ತಪ್ಪಾಯ್ತು ರೀ. ಟೀಚರಮ್ಮ ಎಲ್ಲ ಹೇಳಿದ್ರು. ನಾನು ಕೇಳಬೇಕಿತ್ತು. ಕೇಳದೇ ಬಾಯಿಗೆ ಬಂದಂತೆ ಅಂದುಬಿಟ್ಟೆ."

ಅವನು ನೆಲ ನೋಡಿದ.

"ನೀವು ಅಂದಿದ್ದರಲ್ಲಿ ಅರ್ಧ ನಿಜಾನೇ ಅಲ್ವಾ? ಕೆಡಿಸಿದ್ದಂತೂ ನಾನೇ."

"ಆ ಕಮಾಂಡ್ ನಿಮಗೆ ಹೇಗೆ ಗೊತ್ತಿತ್ತು?"

"ಮೊದಲ ದಿನ ನೀವು ಟೈಪ್ ಮಾಡಿದ್ರಲ್ಲ. ಒಂದು ಸಲ ಕಣ್ಣಿಗೆ ಬಿದ್ದ ಸಾಲು ನನಗೆ ಮರೆಯಲ್ಲ. ಬೇಗ ಬಂದು ನೋಡ್ತಿದ್ದೆ, ಎದ್ದಿರ್ತಿರ್ಲಿಲ್ಲ. ನಿಮಗೆ ಬೈಗುಳ ಗ್ಯಾರಂಟಿ ಅಂತ ಭಯ ಆಗಿ ಟೈಪ್ ಮಾಡ್ತಿದ್ದೆ. ಬೀಳ್ತಿತ್ತು, ಮತ್ತೆ ಮಾಡ್ತಿದ್ದೆ. ಕೊನೆಗೆ ನಿಲ್ತಿತ್ತು. ಆಮೇಲೆ ಚಹಾ ಕುಡಿದು ಬಂದು, ಆ ಸ್ಕ್ರೀನ್ ಮುಚ್ಚಿ, ರೆಕಾರ್ಡಿಂಗಿಗೆ ಹೋಗ್ತಿದ್ದೆ."

"ಆ ಸ್ಕ್ರೀನ್ ಮುಚ್ಚಿದ್ರೆ ನೀವು ಎಬ್ಬಿಸಿದ್ದು ಅದರ ಜೊತೆಗೇ ಸಾಯುತ್ತೆ!"

"ಹೌದಾ?! ಅಯ್ಯೋ ದೇವರೇ... ದಿನಾ ನಾನೇ ಕೊಂದು ನಾನೇ ಅತ್ತುಕೊಂಡು ಓದ್ತಿದ್ನಾ?"

ಅವಳಿಗೆ ಅಳು ಬರುತ್ತಿತ್ತು, ನಗು ಬಂದುಬಿಟ್ಟಿತು. ಅವನೂ ನಕ್ಕ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ತಾಯಿ ಸಿಕ್ಕಿದ್ದೇ ಚಾನ್ಸು ಎಂದು ಹಚ್ಚಿಬಿಟ್ಟಿದ್ದರು.

"ನಾಳೆ ಪರೀಕ್ಷೆ," ಎಂದಳು. "ನೀವು ಬರಬೇಕು."

"ಬೇಡಪ್ಪಾ! ನಾನಿದ್ರೆ ಕೆಡುತ್ತೆ."

"ನೀವಿದ್ದಾಗಲೂ ಅದು ಏಳುತ್ತೆ ಅಂತ ನನಗೆ ಗೊತ್ತಾಗಬೇಕು. ಇಲ್ಲಾಂದ್ರೆ ಗೆದ್ದರೂ ನನಗೆ ಗೆದ್ದ ಹಾಗೆ ಅನ್ನಿಸಲ್ಲ."

ಪರೀಕ್ಷೆಯ ಬೆಳಗ್ಗೆ ಮ್ಯಾನೇಜರಮ್ಮ ಟೀಚರಮ್ಮನ ಮೊಬೈಲಿಗೆ ಫೋನ್ ಮಾಡಿ, ರಿಸೀವರನ್ನು ಮೇಜಿನ ಮೇಲೆ ಮಲಗಿಸಿದರು. ಟೀಚರಮ್ಮ ಮನೆಯ ಇನ್ನೊಂದು ಫೋನಿನಿಂದ ಗ್ರಂಥಾಲಯದ ನಂಬರ್ ಒತ್ತಿ ಕಾಯಬೇಕು. ಪುಸ್ತಕ ಕೇಳಿಸಿದರೆ ಕೂಗಿ ಹೇಳಬೇಕು. ಅವಳೂ ಕಂಠನೂ ಯಂತ್ರದ ಎದುರು ಅಕ್ಕಪಕ್ಕ ನಿಂತರು. ಕಂಠ ಕೈ ಎರಡನ್ನೂ ಜೇಬಿನೊಳಗೆ ತುರುಕಿಕೊಂಡಿದ್ದ.

"ಯಾರೂ ಮುಟ್ಟೋ ಹಾಗಿಲ್ಲ," ಎಂದು ಮ್ಯಾನೇಜರಮ್ಮ ಕೀಬೋರ್ಡ್ ಕಡೆ ಬೆರಳು ತೋರಿಸಿದರು. "ಮುಟ್ಟಿದ್ರೆ ಮುಗೀತು."

ಕೆಳಗೆ ವಾಚ್‌ಮನ್ ಸ್ವಿಚ್ ಹಾಕಿದ. ದೀಪಗಳು ಹತ್ತಿದವು. ಯಂತ್ರ ಗುಂಯ್‌ಗುಟ್ಟಿತು. ಡಿಸ್ಕ್ ಪೆಟ್ಟಿಗೆಯ ಕೆಂಪು ದೀಪ ಮಿನುಗತೊಡಗಿತು. ಅದು ಹಸಿರಾದರೆ ಪೆಟ್ಟಿಗೆ ಎದ್ದಂತೆ.

ಹಸಿರಾಗಲಿಲ್ಲ.

ದಿನಾ ಎದ್ದುಕೊಳ್ಳುವ ಹೊತ್ತು ಕಳೆಯಿತು. ಕೆಂಪು ಮಿನುಗುತ್ತಲೇ ಇತ್ತು.

"ಏನೂ ಬರ್ತಾ ಇಲ್ಲ," ಎಂದಿತು ರಿಸೀವರ್.

ಮ್ಯಾನೇಜರಮ್ಮ ಗಡಿಯಾರ ನೋಡಿದರು.

ಅವಳಿಗೆ ಗೊತ್ತಿತ್ತು. ಆ ಪೆಟ್ಟಿಗೆ ಅಪರೂಪಕ್ಕೊಮ್ಮೆ ಏಳುವ ಮುಂಚೆ ತನ್ನನ್ನು ತಾನೇ ಪೂರ್ತಿ ಪರೀಕ್ಷೆ ಮಾಡಿಕೊಳ್ಳುತ್ತದೆ. ಆಗ ತಡವಾಗುತ್ತದೆ. ಅದಕ್ಕೂ ಕಾಯುವಂತೆಯೇ ಬರೆದಿದ್ದಾಳೆ. ಎಲ್ಲ ಗೊತ್ತಿತ್ತು. ಆದರೆ ಇವತ್ತೇ ಆಗಬೇಕಿತ್ತಾ!

'ಬರೆದದ್ದು ತಪ್ಪಿದ್ದರೆ? ಇಲ್ಲೇ ಮುಗಿದುಹೋದರೆ? ಒಂದೇ ಒಂದು ಸಾಲು... ಮ್ಯಾನೇಜರಮ್ಮ ಆ ಕಡೆ ನೋಡುತ್ತಿದ್ದಾರೆ...'

ಅವಳ ಬಲಗೈ ತಾನಾಗಿ ಕೀಬೋರ್ಡಿನತ್ತ ಹೋಯಿತು.

ಜೇಬಿನಿಂದ ಒಂದು ಕೈ ಹೊರಬಂದು ಅವಳ ಮಣಿಕಟ್ಟು ಹಿಡಿಯಿತು.

"ಬೇಡ," ಎಂದ ಅವನು, ಅವಳಿಗಷ್ಟೇ ಕೇಳುವಂತೆ.

"ಬಿಡಿ... ಏಳ್ತಾ ಇಲ್ಲ ಅದು..."

"ಏಳುತ್ತೆ. ನೀವು ಬರೆದಿದ್ದೀರಿ."

"ನಿಮಗೇನು ಗೊತ್ತು ನಾನು ಬರೆದದ್ದು?"

"ಅದು ಗೊತ್ತಿಲ್ಲ. ನೀವು ಗೊತ್ತು. ಕಾಯಿರಿ."

ಅವಳು ಕಣ್ಣು ಮುಚ್ಚಿಕೊಂಡಳು. ತನ್ನ ನಾಡಿ ಅವನ ಬೆರಳಿನ ಕೆಳಗೆ ಹೊಡೆದುಕೊಳ್ಳುವುದು ಅವಳಿಗೇ ಗೊತ್ತಾಗುತ್ತಿತ್ತು. ಅವನು ಹಿಡಿತ ಸಡಿಲಿಸಲಿಲ್ಲ.

"ಬಂತು!" ರಿಸೀವರ್ ಕಿರುಚಿತು. "ಬಂತು ಕಣ್ರೇ! ಓದ್ತಾ ಇದ್ದಾನೆ!"

ಅವಳು ಕಣ್ಣು ತೆರೆದಳು. ಪೆಟ್ಟಿಗೆಯ ಮೇಲೆ ಹಸಿರು ದೀಪ ಸುಮ್ಮನೆ ಉರಿಯುತ್ತಿತ್ತು, ಏನೂ ಆಗಿಯೇ ಇಲ್ಲವೆಂಬಂತೆ.

ಮ್ಯಾನೇಜರಮ್ಮ ಕೀಬೋರ್ಡ್ ನೋಡಿದರು, ಹಿಡಿದುಕೊಂಡಿದ್ದ ಕೈಗಳನ್ನು ನೋಡಿದರು. ಕೀಬೋರ್ಡನ್ನು ಯಾರೂ ಮುಟ್ಟಿರಲಿಲ್ಲ. ಉಳಿದದ್ದು ಪರೀಕ್ಷೆಯ ನಿಯಮದಲ್ಲಿ ಇರಲಿಲ್ಲ.

"ಸರಿಯಮ್ಮ. ಕೆಲಸ ನಿನ್ನದೇ," ಎಂದು ಹೇಳಿ, ಬಂದ ನಗುವನ್ನು ಅದುಮಿಕೊಂಡು ತಮ್ಮ ಕೋಣೆಗೆ ಹೋದರು.

ಅವಳು ಕುರ್ಚಿಯಲ್ಲಿ ಕುಸಿದು ಕೂತಳು. ಅಳು ಬಂತು. ಈ ಸಲ ಚೀಲದಲ್ಲಿ ತಲೆ ಹುದುಗಿಸಲಿಲ್ಲ. ಅತ್ತಳು. ಅವನು ಪಕ್ಕದಲ್ಲಿ ಮೊಣಕಾಲೂರಿ ಕೂತ.

"ಮೇಡಂ, ಒಂದು ಮಾತು ಹೇಳ್ಬೇಕು. ಎಷ್ಟೋ ಕಾದಂಬರಿಗಳಲ್ಲಿ ಈ ಮಾತು ಓದಿದ್ದೀನಿ. ಒಂದು ಸಲಾನೂ ತಡವರಿಸಿಲ್ಲ. ಈಗ ನೋಡಿ... ಬಾಯೇ ಬರ್ತಿಲ್ಲ."

"ನಿಧಾನಕ್ಕೆ ಹೇಳಿ. ಕಾಯ್ತೀನಿ."

"ನನಗೆ ನೀವಂದ್ರೆ ತುಂಬಾ ಇಷ್ಟ. ಬೆಳಗ್ಗೆ ಬೇಗ ಬರ್ತಿದ್ದದ್ದು ಬೈಗುಳ ತಪ್ಪಿಸೋಕೆ ಮಾತ್ರ ಅಲ್ಲ. ನೀವು ಬಂದ ಕೂಡಲೇ ಪುಸ್ತಕ ಕೇಳಿಸ್ತಾ ಇರೋದು ನೋಡಿ ನಗ್ತಿದ್ರಲ್ಲ... ಅದನ್ನ ನೋಡೋಕೆ. ನಿಮಗೂ ಇಷ್ಟ ಇದ್ರೆ, ನಮ್ಮಮ್ಮನ್ನ ನಿಮ್ಮನೆಗೆ ಕಳಿಸ್ಲಾ?"

ಅವಳು ಅವನನ್ನೇ ನೋಡಿದಳು. ಕಣ್ಣೀರಿನ ನಡುವೆಯೇ ಮೆಲ್ಲಗೆ ತಲೆಯಾಡಿಸಿದಳು.

"ಏನಂದಳು?" ಮೇಜಿನ ಮೇಲಿಂದ ದನಿ ಬಂತು.

ಇಬ್ಬರೂ ಬೆಚ್ಚಿಬಿದ್ದರು. ರಿಸೀವರನ್ನು ಯಾರೂ ಇಟ್ಟೇ ಇರಲಿಲ್ಲ!

"ಟೀಚರಮ್ಮ! ನೀವಿನ್ನೂ ಲೈನಲ್ಲಿದ್ದೀರಾ?"

"ಪುಸ್ತಕಕ್ಕಿಂತ ಇದೇ ಚೆನ್ನಾಗಿತ್ತು, ಇಡೋಕೆ ಮನಸ್ಸು ಬರ್ಲಿಲ್ಲ. ಅದಿರಲಿ, ಅವಳು ಏನಂದಳು? ನನಗೇನೂ ಕೇಳಿಸ್ಲಿಲ್ಲವಲ್ಲ!"

"ತಲೆ ಆಡಿಸಿದ್ರು," ಎಂದ ಅವನು ನಾಚಿಕೊಂಡು.

"ತಲೆ ಆಡಿಸಿದ್ರೆ ನನಗೆ ಹೇಗೆ ಗೊತ್ತಾಗ್ಬೇಕು? ಬಾಯಿ ಬಿಟ್ಟು ಹೇಳಮ್ಮ ಹುಡುಗಿ!"

ಅವಳು ಕಣ್ಣೊರೆಸಿಕೊಂಡಳು. ರಿಸೀವರ್ ಎತ್ತಿಕೊಂಡಳು. ಮಾತು ಆಡಿದ್ದು ಅದರೊಳಗೆ, ನೋಡಿದ್ದು ಅವನನ್ನು.

"ನನಗೂ ಇವರು ತುಂಬಾ ಇಷ್ಟ ಟೀಚರ್. ಮೊದಲ ದಿನದಿಂದಾನೇ."

"ಹಾಂ! ಹೀಗೆ ಹೇಳ್ಬೇಕು. ಇನ್ನು ನೀವುಂಟು ನಿಮ್ಮ ಸರ್ವರ್ ಉಂಟು. ನಾನು ಇಡ್ತೀನಿ."

ಫೋನ್ ಕಟ್ಟಾಯಿತು. ಕೋಣೆಯಲ್ಲಿ ಯಂತ್ರದ ಗುಂಯ್ ಸದ್ದಷ್ಟೇ ಉಳಿಯಿತು.

"ನಿಜವಾಗ್ಲೂ ಮೊದಲ ದಿನದಿಂದಾನಾ?" ಅವನು ಮೆಲ್ಲಗೆ ಕೇಳಿದ.

"ಹೂಂ."

"ಮತ್ತೆ ಅವತ್ತು ಒಂದು ಸಲಾನೂ ನಗ್ಲಿಲ್ಲ?"

"ನಕ್ಕಿದ್ರೆ ನಿಮಗೆ ಗೊತ್ತಾಗಿಬಿಡ್ತಿತ್ತು."

"ಈಗ ಗೊತ್ತಾಯ್ತಲ್ಲ... ನಗಿ ಮತ್ತೆ."

ಅವಳು ನಕ್ಕಳು.